ಗೋಡೆಯ ಬಿರುಕಿನಲ್ಲಿ ಅಡಗಿರುವ ಜ್ವರ

ಮುಂಗಾರು ಹಿಡಿದು ಹೊಲದ ಬದುಗಳಲ್ಲಿ ಹಸುರು ಮೂಡುವ ಕಾಲಕ್ಕೆ ಸರಿಯಾಗಿ, ನಿನ್ನೆ ಸಂಜೆಯವರೆಗೂ ಚೆನ್ನಾಗಿಯೇ ಮೇಯುತ್ತಿದ್ದ ಸೀಮೆ ಹಸು ಬೆಳಗಾಗುವಷ್ಟರಲ್ಲಿ ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಕಿವಿ ಜೋಲಿಸಿಕೊಂಡು ಗೋದಲಿಯ ಮುಂದೆ ಮಂಕಾಗಿ ನಿಲ್ಲುವುದನ್ನು ಕಾಣದ ಹೈನುಗಾರರು ನಮ್ಮ ಬಯಲುಸೀಮೆಯಲ್ಲಿ ವಿರಳ. ಉಷ್ಣಮಾಪಕವನ್ನಿಟ್ಟು ನೋಡಿದರೆ ಪಾದರಸವು 105, 106 ಡಿಗ್ರಿಯ ಗೆರೆಯನ್ನು ಮುಟ್ಟಿರುತ್ತದೆ. ಹೆಗಲಿನ ಮುಂಭಾಗದಲ್ಲಿ ಚರ್ಮದ ಅಡಿಯ ಗ್ರಂಥಿಯು ಕೈಗೆ ಸಿಕ್ಕುವಷ್ಟು ಊದಿಕೊಂಡಿರುತ್ತದೆ. ಕಣ್ಣಿನ ರೆಪ್ಪೆಯನ್ನು ಮಗುಚಿ ನೋಡಿದರೆ ಒಳಗಿನ ಕೆಂಪು ಮಾಸಿ ಬಿಳಿಚಿಕೊಂಡಿರುತ್ತದೆ. ಅದೇ ಕೊಟ್ಟಿಗೆಯಲ್ಲಿ ಅದೇ ಹುಲ್ಲನ್ನು ತಿಂದುಕೊಂಡು, ತನ್ನ ಮೈಮೇಲೆಯೂ ಉಣ್ಣೆಗಳನ್ನು ಹೊತ್ತು ನಿಂತಿರುವ ನಾಟಿ ಹಸುವಿಗೆ ಮಾತ್ರ ಏನೂ ಆಗಿರುವುದಿಲ್ಲ. ಆದುದರಿಂದಲೇ ಮನೆಯವರು ಈ ವ್ಯಾಧಿಯ ಮೂಲವನ್ನು ಉಣ್ಣೆಯಲ್ಲಿ ಅರಸದೆ, ಮೇವಿನಲ್ಲಿ, ಹವೆಯಲ್ಲಿ, ನೆರೆಯವರ ದೃಷ್ಟಿಯಲ್ಲಿ ಅರಸುತ್ತಾರೆ.

ಆರೋಗ್ಯದಿಂದ ಕಾಣುವ ಪಶುವಿನ ಸನ್ನಿಧಿಯಲ್ಲಿ ಇನ್ನೊಂದು ಪಶು ಸಾಯುವ ಈ ಒಗಟು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ದನಗಾರರನ್ನು ದಶಕಗಳ ಕಾಲ ಕಾಡಿತ್ತು. ಅಲ್ಲಿಯ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸ್ ಪ್ರಾಂತದ ಉದ್ದಕೋಡಿನ ದನಗಳನ್ನು ಸಾವಿರಗಟ್ಟಲೆಯಾಗಿ ಉತ್ತರದ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ದನಗಳು ಪುಷ್ಟವಾಗಿಯೇ ಇರುತ್ತಿದ್ದವು. ಆದರೆ ಅವು ಹಾದುಹೋದ ಕೆಲವು ವಾರಗಳ ತರುವಾಯ, ಆ ದಾರಿಯ ಹುಲ್ಲುಗಾವಲಿನಲ್ಲಿ ಮೇಯ್ದ ಉತ್ತರದ ದನಗಳು ಜ್ವರ ಬಂದು, ಕಾಫಿ ಬಣ್ಣದ ಗಂಜಲವನ್ನು ಸುರಿಸಿ ಸಾಯುತ್ತಿದ್ದವು. ಮಂಜು ಬಿದ್ದು ಚಳಿ ಹತ್ತಿದೊಡನೆ ರೋಗವೂ ನಿಲ್ಲುತ್ತಿತ್ತು. ಉತ್ತರದ ರೈತರು ಬಂದೂಕು ಹಿಡಿದು ದಾರಿಗಳನ್ನು ಅಡ್ಡಗಟ್ಟಿದರು. ಕ್ಯಾನ್ಸಸ್ ಮೊದಲಾದ ಪ್ರಾಂತಗಳು ಟೆಕ್ಸಾಸಿನ ದನಗಳಿಗೆ ನಿರ್ಬಂಧ ವಿಧಿಸಿ ಕಾನೂನು ಮಾಡಿದವು. ದನಗಾಹಿಗಳಲ್ಲಿ ಕೆಲವರು ಇದು ಉಣ್ಣೆಯ ಕೆಲಸವೆಂದು ಆಗಲೇ ಹೇಳುತ್ತಿದ್ದರು. ವಿದ್ವಾಂಸರಲ್ಲಿ ಬಹುಮಂದಿ ಆ ಮಾತನ್ನು ಅಜ್ಞರ ಕಲ್ಪನೆಯೆಂದು ತಳ್ಳಿಹಾಕಿದ್ದರು.

ಥಿಯೋಬಾಲ್ಡ್ ಸ್ಮಿತ್ ಎಂಬ ತರುಣ ವೈದ್ಯನು ತಳ್ಳಿಹಾಕಲಿಲ್ಲ. 1889ರ ಬೇಸಗೆಯಲ್ಲಿ ಆತನೂ, ಆತನ ಸಹೋದ್ಯೋಗಿಯಾದ ಪಶುವೈದ್ಯ ಫ್ರೆಡರಿಕ್ ಕಿಲ್ಬೋರ್ನನೂ ವಾಷಿಂಗ್ಟನ್ ನಗರದ ಹೊರವಲಯದಲ್ಲಿ ಬೇಲಿ ಕಟ್ಟಿದ ಹೊಲಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ದಕ್ಷಿಣದ ದನಗಳನ್ನು ಅವುಗಳ ಮೈಮೇಲಿನ ಉಣ್ಣೆಗಳ ಸಮೇತವಾಗಿ ಉತ್ತರದ ದನಗಳೊಡನೆ ಬಿಟ್ಟರು. ಇನ್ನೊಂದರಲ್ಲಿ ದಕ್ಷಿಣದ ದನಗಳ ಮೈಯಿಂದ ಒಂದೊಂದೇ ಉಣ್ಣೆಯನ್ನು ಕೈಯಿಂದ ಕಿತ್ತು ತೆಗೆದು, ಅನಂತರ ಉತ್ತರದ ದನಗಳ ಜೊತೆ ಸೇರಿಸಿದರು. ಮತ್ತೊಂದರಲ್ಲಿ ದಕ್ಷಿಣದ ದನಗಳನ್ನೇ ಬಿಡದೆ ಹುಲ್ಲಿನ ಮೇಲೆ ಬರಿಯ ಉಣ್ಣೆಗಳನ್ನು ಚೆಲ್ಲಿದರು. ಉಣ್ಣೆಯಿದ್ದ ಹೊಲಗಳಲ್ಲಿ ಉತ್ತರದ ದನಗಳು ಜ್ವರಕ್ಕೆ ತುತ್ತಾದವು. ಉಣ್ಣೆಯಿಲ್ಲದ ಹೊಲದಲ್ಲಿ ದಕ್ಷಿಣದ ದನಗಳ ಪಕ್ಕದಲ್ಲೇ ಮೇಯ್ದೂ ಕ್ಷೇಮವಾಗಿ ಉಳಿದವು. ಮರುವರ್ಷ ಸ್ಮಿತ್ತನು ಪ್ರಯೋಗಶಾಲೆಯಲ್ಲಿಯೇ ಮೊಟ್ಟೆಯೊಡೆಸಿದ, ಹಿಂದೆಂದೂ ಯಾವ ಪಶುವಿನ ರಕ್ತವನ್ನೂ ಕುಡಿಯದಿದ್ದ ಉಣ್ಣೆಮರಿಗಳನ್ನು ನೀರೋಗಿಯಾದ ಪಶುವಿನ ಮೇಲೆ ಬಿಟ್ಟಾಗ ಅದಕ್ಕೂ ಜ್ವರ ಬಂದಿತು. ಎಂದರೆ, ರೋಗದ ಬೀಜವು ತಾಯಿ ಉಣ್ಣೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿದು ಬರುತ್ತದೆ. ದನಗಳು ಹಾದುಹೋದ ಎಷ್ಟೋ ದಿನಗಳ ಮೇಲೆ ರೋಗ ತೋರುತ್ತಿದ್ದುದೇಕೆ ಎಂಬುದೂ ಇದರಿಂದ ತಿಳಿಯಿತು: ಉದುರಿದ ಉಣ್ಣೆ ಮೊಟ್ಟೆಯಿಟ್ಟು, ಆ ಮೊಟ್ಟೆ ಒಡೆಯಬೇಕಾಗಿದ್ದಿತು. 1893ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಮಲೇರಿಯದ ಅಣುಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುದು ಅದಾದ ನಾಲ್ಕು ವರ್ಷಗಳ ಮೇಲೆ. ಮಾನವವೈದ್ಯಕ್ಕೆ ಪಶುವೈದ್ಯವು ಕೊಟ್ಟ ಈ ಸಾಲವನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಧಾರಾಳವಾಗಿ ಒಪ್ಪಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಉಣ್ಣೆಯು ಆ ದನಗಳಿಗೆ ತಂದ, ರಕ್ತದ ಕೆಂಪುಕಣಗಳನ್ನು ಹೊಕ್ಕು ಒಡೆಯುವ ಪರೋಪಜೀವಿಗೆ ಬೆಬೀಸಿಯ ಎಂದು ಹೆಸರು. ಒಡೆದ ಕಣಗಳ ವರ್ಣದ್ರವ್ಯವೇ ಗಂಜಲದ ಬಣ್ಣಕ್ಕೆ ಕಾರಣ. ದಕ್ಷಿಣದ ದನಗಳು ಉಳಿದುದರಲ್ಲಿ ಮಾಯೆಯೇನೂ ಇರಲಿಲ್ಲ. ಎಳೆಗರುವಾಗಿದ್ದಾಗಲೇ ಸೋಂಕು ತಗಲಿದರೆ ಬೆಬೀಸಿಯದ ರೋಗ ಸೌಮ್ಯವಾಗಿ ಬಂದು ಹೋಗುತ್ತದೆ. ಆ ಬಳಿಕ ಪಶುವು ಬೀಜವನ್ನು ರಕ್ತದಲ್ಲಿ ಇಟ್ಟುಕೊಂಡೇ ಸುಖವಾಗಿ ಬದುಕುತ್ತದೆ. ಬೆಳೆದ ಮೇಲೆ ಮೊದಲ ಸಲ ಸೋಂಕಿಗೆ ಸಿಕ್ಕ ಪಶುವಿಗೆ ಈ ಭಾಗ್ಯವಿಲ್ಲ.

ಅಮೆರಿಕನ್ನರು 1906ರಲ್ಲಿ ಆರಂಭಿಸಿ, ದನಗಳನ್ನು ಪಾಷಾಣ ಬೆರೆಸಿದ ನೀರಿನ ತೊಟ್ಟಿಗಳಲ್ಲಿ ಎರಡು ಮೂರು ವಾರಗಳಿಗೊಮ್ಮೆ ಮುಳುಗಿಸಿ ಈಜಿಸಿ, ಸಿಟ್ಟಿಗೆದ್ದ ರೈತರು ತೊಟ್ಟಿಗಳನ್ನು ಸಿಡಿಮದ್ದಿನಿಂದ ಹಾರಿಸಿದಾಗಲೂ ಬಿಡದೆ, 1943ರ ವೇಳೆಗೆ ಮೆಕ್ಸಿಕೊ ಗಡಿಯ ಕಿರಿದಾದ ಪಟ್ಟಿಯೊಂದನ್ನು ಬಿಟ್ಟು ದೇಶದಿಂದ ಆ ಉಣ್ಣೆಯನ್ನು ಹೊರದೂಡಿದರು. ಇದು ಸಾಧ್ಯವಾದುದು ಆ ಉಣ್ಣೆಯ ಜೀವನಕ್ರಮದಿಂದ. ಅದು ಮರಿಯಾಗಿ ಹಸುವಿನ ಮೈ ಹತ್ತಿದರೆ, ಪೊರೆ ಕಳಚಿ ಬೆಳೆಯುವುದೂ, ಗಂಡಿನೊಡನೆ ಕೂಡುವುದೂ, ಹರಳು ಬೀಜದಂತೆ ಊದುವುದೂ ಆ ಒಂದೇ ಮೈಯ ಮೇಲೆ. ಕೆಳಗೆ ಉದುರುವುದು ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುವುದಕ್ಕೆ ಮಾತ್ರ. ಆದುದರಿಂದ ಹಸುವಿನ ಮೈಯನ್ನು ಕಾಯ್ದರೆ ಉಣ್ಣೆಯ ವಂಶವನ್ನೇ ಅಳಿಸಿದಂತಾಯಿತು.

ಅದರ ಹತ್ತಿರದ ಜ್ಞಾತಿಯು ನಮ್ಮಲ್ಲಿಯೂ ಉಂಟು, ಬೆಬೀಸಿಯವೂ ಉಂಟು. ಆದರೆ ಸೀಮೆ ಹಸುವಿಗೆ ನಮ್ಮಲ್ಲಿ ಮಹಾವೈರಿಯೆನಿಸಿರುವುದು ಬೇರೊಂದು ಉಣ್ಣೆ: ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಹಯಲೊಮ್ಮ. ಇದು ಒಂದೇ ಮೈಯನ್ನು ನೆಚ್ಚಿರುವ ಪ್ರಾಣಿಯಲ್ಲ. ರಕ್ತ ಕುಡಿದು ಕೆಳಗಿಳಿದು, ಕೊಟ್ಟಿಗೆಯ ಕಲ್ಲುಗೋಡೆಯ ಸಂದಿನಲ್ಲೋ, ಮಣ್ಣು ಗೋಡೆಯ ಬಿರುಕಿನಲ್ಲೋ, ಗೋದಲಿಯ ಅಡಿಯಲ್ಲೋ ಸೇರಿ ಪೊರೆ ಕಳಚಿ, ಮತ್ತೆ ಹಸಿದಾಗ ಮತ್ತೊಂದು ಹಸುವನ್ನು ಹತ್ತುತ್ತದೆ. ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಇದು ಹೊತ್ತು ತರುವ ಥೈಲೇರಿಯ ಎಂಬ ಪರೋಪಜೀವಿಯು ಮೊಟ್ಟೆಯ ಮೂಲಕ ಇಳಿಯುವುದಿಲ್ಲ. ಮರಿಯಾಗಿದ್ದಾಗ ನಾಟಿ ಹಸುವಿನಿಂದ ಹೀರಿಕೊಂಡುದನ್ನು ಬೆಳೆದ ಉಣ್ಣೆಯು ಸೀಮೆ ಹಸುವಿಗೆ ಒಪ್ಪಿಸುತ್ತದೆ. ಅಲ್ಲಿ ಅದು ಮೊದಲು ಹಿಡಿಯುವುದು ದೇಹದ ಕಾವಲಿಗಾಗಿಯೇ ಇರುವ ಬಿಳಿಕಣಗಳನ್ನು. ತಾನು ಹೊಕ್ಕ ಬಿಳಿಕಣವನ್ನು ಕೊಲ್ಲದೆ, ಅರ್ಬುದ ರೋಗದಲ್ಲಿ ಆಗುವ ಹಾಗೆ ಎಡೆಬಿಡದೆ ಇಬ್ಭಾಗವಾಗುವಂತೆ ಪ್ರಚೋದಿಸಿ, ಆ ಕಣದೊಡನೆ ತಾನೂ ಇಬ್ಭಾಗವಾಗುತ್ತ ಹೋಗುವುದು; ಹೆಗಲ ಮುಂದಿನ ಗ್ರಂಥಿ ಊದುವುದು ಇದರಿಂದಲೇ. ಅಣುಜೀವಿಗಳ ಪ್ರಪಂಚದಲ್ಲಿ ಇಷ್ಟು ಭಯಂಕರವಾದ ಚಾತುರ್ಯ ಅಪೂರ್ವ.

ಹಸುವಿಗೆ ಮಾತ್ರ ಔಷಧಿ ಹಚ್ಚಿ, ಗೋಡೆಯನ್ನು ಮರೆಯುವ ನಮ್ಮ ಪದ್ಧತಿ ಏಕೆ ನಿಷ್ಫಲವೆಂಬುದು ಇಲ್ಲಿಗೆ ಸ್ಪಷ್ಟವಾಗಿರಬೇಕು. ಉಣ್ಣೆಗಳಲ್ಲಿ ಬಹುಪಾಲು ಔಷಧಿ ತಗಲದ ಬಿರುಕುಗಳಲ್ಲಿರುತ್ತವೆ. ಅಳತೆ ತಪ್ಪಿಸಿ, ನೀರು ಹೆಚ್ಚಿಸಿ, ಒಂದೇ ಔಷಧಿಯನ್ನು ವರ್ಷವರ್ಷವೂ ಹಚ್ಚುವುದರಿಂದ ಅದಕ್ಕೆ ಜಗ್ಗದ ಉಣ್ಣೆಗಳ ಸಂತತಿಯೇ ಬೆಳೆಯುತ್ತದೆ. ಬೆಳೆಗೆ ಹೊಡೆಯುವ ವಿಷವನ್ನು ಹಸುವಿನ ಮೈಗೆ ಸುರಿಯುವವರಂತೂ ಉಣ್ಣೆಗಿಂತ ಮೊದಲು ಹಸುವನ್ನೇ ಕಳೆದುಕೊಳ್ಳಬಹುದು. ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು, ಗೋಡೆ ನೆಲಗಳಿಗೂ ಔಷಧಿ ಸಿಂಪಡಿಸುವುದು, ಕೊಟ್ಟಿಗೆಯಲ್ಲಿ ನಾಲ್ಕು ನಾಟಿ ಕೋಳಿಗಳನ್ನು ಬಿಟ್ಟು ಉದುರಿದ ಉಣ್ಣೆಗಳನ್ನು ಹೆಕ್ಕಿಸುವುದು, ಇವು ದುಬಾರಿಯಾದ ಕೆಲಸಗಳಲ್ಲ.

ಹಳ್ಳಿಯ ಹೆಂಗಸರು ಸಂಜೆ ಹಾಲು ಕರೆಯುವ ಮುನ್ನ ಕಿವಿಯ ಹಿಂಬದಿ, ಗಂಗೆದೊಗಲು, ಬಾಲದ ಬುಡ, ಕೆಚ್ಚಲಿನ ಸಂದುಗಳಲ್ಲಿ ಬೆರಳಾಡಿಸಿ, ಉಣ್ಣೆಗಳನ್ನು ಕಿತ್ತು ಕರಟದಲ್ಲಿನ ಸೀಮೆಎಣ್ಣೆಗೆ ಹಾಕುವ ರೂಢಿಯಿದೆಯಷ್ಟೆ. ಆ ರೂಢಿಗೆ ಶಾಸ್ತ್ರದ ಪೂರ್ಣ ಸಮ್ಮತಿಯುಂಟು. ಉಣ್ಣೆ ಕಚ್ಚಿದೊಡನೆ ಥೈಲೇರಿಯ ಹರಿಯುವುದಿಲ್ಲ. ಅದರ ಜೊಲ್ಲಿನ ಗ್ರಂಥಿಯಲ್ಲಿ ಪರೋಪಜೀವಿಯು ಪಕ್ವವಾಗಲು ಎರಡು ಮೂರು ದಿನಗಳು ಬೇಕು. ದಿನವೂ ನೋಡುವ ಕಣ್ಣಿದ್ದರೆ ಆ ಅವಧಿಯೊಳಗೆ ಹಸು ಪಾರಾಗುತ್ತದೆ. ಆದರೆ ಬರಿಗೈಯಿಂದ ಹೊಸಕುವುದು ಕೂಡದು. ಹಯಲೊಮ್ಮವು ಮನುಷ್ಯರಿಗೂ ಕ್ರಿಮಿಯನ್-ಕಾಂಗೋ ಎಂಬ ರಕ್ತಸ್ರಾವದ ಜ್ವರವನ್ನು ತರಬಲ್ಲುದು, 2011ರಲ್ಲಿ ಗುಜರಾತಿನಲ್ಲಿ ಅದರಿಂದ ಮರಣಗಳೂ ಆದವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿಗರಿಗೆ ಉಣುಗಿನ ಭಯವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಜ್ವರ ಕಂಡ ದಿನವೇ ಪಶುವೈದ್ಯರನ್ನು ಕರೆತಂದು, ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಥೈಲೇರಿಯಕ್ಕೆ ಬೂಪಾರ್ವಕ್ವೋನ್ ಎಂಬ ಸಮರ್ಥವಾದ ಚುಚ್ಚುಮದ್ದು ಇದೆ; ತಡವಾದಷ್ಟೂ ಅದರ ಶಕ್ತಿ ಕುಂದುತ್ತದೆ. ಸಂತೆಯಲ್ಲೋ ಜಾತ್ರೆಯಲ್ಲೋ ಕೊಂಡ ಹಸುವನ್ನು ನೇರವಾಗಿ ಕೊಟ್ಟಿಗೆಗೆ ಹೊಡೆಯದೆ, ಬೇರೆ ಕಟ್ಟಿ, ಉಣ್ಣೆ ತೆಗೆದ ಮೇಲೆ ಒಳಗೆ ಸೇರಿಸಬೇಕು. ಹೈದರಾಬಾದಿನಲ್ಲಿ ತಯಾರಾಗುವ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯೂ ಉಂಟು. ಅದನ್ನು ದ್ರವ ಸಾರಜನಕದ ಶೈತ್ಯದಲ್ಲಿಯೇ ಕಾಪಾಡಬೇಕಾಗಿರುವುದರಿಂದ ಒಬ್ಬ ರೈತನು ತಾನಾಗಿ ತಂದಿಟ್ಟುಕೊಳ್ಳುವಂತಿಲ್ಲ. ಹೆಚ್ಚು ಹಾಲಿನ ಆಸೆಯಿಂದ ಸೀಮೆ ತಳಿಯನ್ನು ಮನೆಮನೆಗೆ ಹಂಚಿದವರ ಮೇಲೆ ಅದನ್ನು ಉಳಿಸಿಕೊಳ್ಳುವ ವಿದ್ಯೆಯನ್ನೂ ಹಂಚುವ ಹೊಣೆಯಿದೆ. ವೀರ್ಯದ ಕಡ್ಡಿಗಳಿಗಾಗಿ ದ್ರವ ಸಾರಜನಕವು ಹೇಗೂ ಹಳ್ಳಿಗಳನ್ನು ತಲಪುತ್ತಿದೆ. ನಿಮ್ಮ ಊರಿನ ಹಾಲಿನ ಡೇರಿಯ ಮುಂದಿನ ಸಭೆಯಲ್ಲಿ ಈ ಲಸಿಕೆಯನ್ನೂ, ರಕ್ತಪರೀಕ್ಷೆಯ ಏರ್ಪಾಡನ್ನೂ ಎಲ್ಲರೂ ಸೇರಿ ಕೇಳಿರಿ.