ಮುದ್ರೆ ಒತ್ತಿದ ಆಕಾಶ

"ಸಾರ್, ಎಲ್ಲಿದೀರಾ? ಫ್ಲೈಓವರ್ ಮೇಲೆ ತೋರಿಸ್ತಾ ಇದೆ ನಿಮ್ಮನ್ನ."

ಎರಡು ಮಾರು ಸೇವಂತಿಗೆ, ಒಂದು ಕಟ್ಟು ತುಳಸಿ ಹಿಡಿದು ಕೃಷ್ಣರಾಜ ಮಾರುಕಟ್ಟೆಯ ಮುಂದೆ ನಿಂತಿದ್ದಾಗ ಆಟೋದವರಿಂದ ಬಂದ ಫೋನು ಇದು. ನಾನಿದ್ದದ್ದು ಮೇಲ್ಸೇತುವೆಯ ಕೆಳಗೆ, ಕಂಬಕ್ಕೆ ಒರಗಿಕೊಂಡು. ಅವರ ಮೊಬೈಲಿನಲ್ಲಿ ನಾನು ಸೇತುವೆಯ ಮೇಲೆ. ನನ್ನ ಮೊಬೈಲಿನ ನೀಲಿ ಚುಕ್ಕಿಯಂತೂ ಒಂದು ಕ್ಷಣ ರಸ್ತೆಯಲ್ಲಿದ್ದರೆ ಮರುಕ್ಷಣ ಟಿಪ್ಪುವಿನ ಕೋಟೆಯ ಗೋಡೆಯೊಳಗೆ. ಕೊನೆಗೆ ಅವರೇ, "ಮಸೀದಿ ಹತ್ರ ಬಂದ್ಬಿಡಿ ಸಾರ್, ನಾನೇ ನೋಡ್ಕೋತೀನಿ" ಎಂದರು. ಹಳೆಯ ಬೆಂಗಳೂರಿಗರು ದಾರಿ ಹೇಳುವ ಕ್ರಮವೇ ಅದು. ಹಾಗೇ ಮಾಡಿದೆವು.

ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಅದೇ ಕಂಬದ ಪಕ್ಕ ಹೋಗಿ ನಿಂತೆ. ಚುಕ್ಕಿ ಒಂದಿಷ್ಟೂ ಅಲುಗಲಿಲ್ಲ.

ಚಾಮರಾಜಪೇಟೆಯಲ್ಲಿರುವ ಎಂಜಿನಿಯರ್ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಎದ್ದು ಕೂತ. ಅವನ ಕಸುಬೇ ಅದು. ಮೊಬೈಲು, ಬಸ್ಸು, ಡ್ರೋನುಗಳಲ್ಲಿ ಕೂತು "ನಾನೆಲ್ಲಿದ್ದೇನೆ" ಎಂದು ಲೆಕ್ಕ ಹಾಕುವ ರಿಸೀವರ್‌ಗಳನ್ನು ಅವನು ಪರೀಕ್ಷಿಸುತ್ತಾನೆ. "ಒಂದು ಸಲ ಬಂದು ಇನ್ನೊಂದು ಸಲ ಬಾರದ ತಪ್ಪನ್ನು ತಿದ್ದೋದು ಹೇಗೆ ಹೇಳು?" ಎಂದ. ಜಿಪಿಎಸ್ ಉಪಗ್ರಹಗಳು ದಿನಕ್ಕೆ ನಾಲ್ಕು ನಿಮಿಷದಷ್ಟು ಮುಂಚಿತವಾಗಿ ಆಕಾಶದ ಅದೇ ಜಾಗಕ್ಕೆ ಬರುತ್ತವೆ. ಆದರೆ ನಿನ್ನೆ ಪಕ್ಕದಲ್ಲಿ ನಿಂತಿದ್ದ ಬಸ್ಸು ಇವತ್ತು ಇರುವುದಿಲ್ಲ, ಸಿಗ್ನಲ್ ಹಾದುಬರುವ ಮೇಲಿನ ಅಯಾನುಗೋಳ ಎಂಬ ಪದರ ನಿನ್ನೆಯಂತೆ ಇರುವುದಿಲ್ಲ. ನಿಜವಾದ ಆಕಾಶ ಎರಡು ದಿನ ಒಂದೇ ಥರ ಇರುವುದಿಲ್ಲವಾದ್ದರಿಂದ, ಬೇಕೆಂದಾಗ ಬೇಕಾದಷ್ಟು ಸಲ ಒಂದೇ ಥರ ಇರುವ ಇನ್ನೊಂದು ಆಕಾಶವನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಉಪಗ್ರಹ ಸಿಗ್ನಲ್ ಸಿಮ್ಯುಲೇಟರ್ ಎಂದರೆ ಅದೇ. ಮಾರುಕಟ್ಟೆಯ ಮಾತಿನಲ್ಲಿ ಹೇಳುವುದಾದರೆ, ತಕ್ಕಡಿಯನ್ನು ಪರೀಕ್ಷಿಸಲು ಇಲಾಖೆಯವರು ತರುವ ಮುದ್ರೆ ಒತ್ತಿದ ತೂಕದ ಬಟ್ಟು.

ಅದು ಏನನ್ನು ನಕಲು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ರೇಡಿಯೋ ಅಲೆ ನಮ್ಮನ್ನು ಮುಟ್ಟಲು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ ಸಾಕು. ಮುಟ್ಟುವ ಹೊತ್ತಿಗೆ ಅದರ ಶಕ್ತಿ ಎಷ್ಟಿರುತ್ತದೆಂದರೆ, ಒಂದು ವಾಟ್ ಅನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವಷ್ಟು. ಸುತ್ತಲಿನ ರೇಡಿಯೋ ಗದ್ದಲದಲ್ಲಿ ಅದು ಮುಳುಗಿಯೇ ಹೋಗಿರುತ್ತದೆ. ಆದರೂ ಸಿಗುವುದು ಹೇಗೆ? ಹೂವಿನ ಸಾಲಿನ ಗದ್ದಲದಲ್ಲೂ ಖಾಯಂ ಗಿರಾಕಿಗೆ ತನ್ನ ಅಂಗಡಿಯವರ ಕೂಗು ಕೇಳುತ್ತದಲ್ಲ, ಹಾಗೆ. ಪ್ರತಿ ಉಪಗ್ರಹಕ್ಕೂ ಅದರದೇ ಒಂದು ಕೂಗಿದೆ: 1,023 ತುಣುಕುಗಳ ಒಂದು ಸಂಕೇತ ಸರಣಿ, ಸೆಕೆಂಡಿಗೆ ಸಾವಿರ ಸಲ ಅದೇ. ರಿಸೀವರ್‌ಗೆ ಆ ಸರಣಿಗಳೆಲ್ಲ ಬಾಯಿಪಾಠ. ಯಾವುದು ಎಷ್ಟು ತಡವಾಗಿ ಕೇಳಿಸಿತು ಎಂಬುದರಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಜಾಗವೂ ಸಮಯವೂ ಸಿಕ್ಕಂತೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಮೇಲ್ಸೇತುವೆಯ ಕಾಂಕ್ರೀಟಿಗೆ ಬಡಿದು 40 ಮೀಟರ್ ಸುತ್ತಿ ಬಂದ ಸಿಗ್ನಲ್ಲು 133 ನ್ಯಾನೋಸೆಕೆಂಡ್ ತಡ. ರಿಸೀವರ್ ಅದನ್ನು ನಂಬಿದರೆ ನಾನು ಕೋಟೆಯ ಗೋಡೆಯೊಳಗೆ.

ಈ ಎಲ್ಲವನ್ನೂ ಸಿಮ್ಯುಲೇಟರ್ ಹಿಂದುಮುಂದಾಗಿ ಮಾಡುತ್ತದೆ. ಜಾಗವನ್ನು ನಾವು ಕೊಡುತ್ತೇವೆ, ಅಲ್ಲಿಗೆ ಆ ಹೊತ್ತಿನಲ್ಲಿ ಎಂಥ ಸಿಗ್ನಲ್ ಬಂದೀತು ಎಂದು ಅದು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಉಪಾಯ ಹಳೆಯದು, ಜಿಪಿಎಸ್‌ಗಿಂತಲೂ ಒಂದು ಹೆಜ್ಜೆ ಮುಂಚಿನದು. ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ ಅಮೆರಿಕದ ಅರಿಝೋನಾದ ಯೂಮಾ ಮರುಭೂಮಿಯಲ್ಲಿ, ಉಪಗ್ರಹದಂತೆಯೇ ಕೂಗುವ ಟ್ರಾನ್ಸ್‌ಮಿಟರ್‌ಗಳನ್ನು ನೆಲದ ಮೇಲೆ ನಿಲ್ಲಿಸಿ ರಿಸೀವರ್‌ಗಳನ್ನು ಪರೀಕ್ಷಿಸಿದ್ದರು.

ನಮ್ಮಲ್ಲೂ ಅಂಥದೇ ಅಗತ್ಯ ಬಂದಿತ್ತು. ನಮ್ಮದೇ ದಾರಿಸೂಚಿ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿದ್ದು 2013ರ ಜುಲೈ 1ರಂದು. ನಾಲ್ಕನೆಯದು ಹಾರಿದ್ದು 2015ರ ಮಾರ್ಚ್ 28ರಂದು. ನಡುವಿನ ಸುಮಾರು 21 ತಿಂಗಳು, ಸ್ಥಾನ ಹೇಳಲು ಬೇಕಾದ ನಾಲ್ಕು ಉಪಗ್ರಹಗಳೇ ಮೇಲಿರಲಿಲ್ಲ. ರಿಸೀವರ್ ತಯಾರಿಸುವವರು ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗುತ್ತದೆಯೇ? ಸಿಗ್ನಲ್ಲಿನ ರಚನೆ ಹೇಗಿರುತ್ತದೆಂಬ ದಾಖಲೆಯನ್ನು ಇಸ್ರೋ 2014ರಲ್ಲಿ ಬಹಿರಂಗಪಡಿಸಿತು. ಅದನ್ನು ಓದಿ, ಇನ್ನೂ ಹಾರದ ಉಪಗ್ರಹಗಳನ್ನು ಮೇಜಿನ ಮೇಲೆ ಹಾರಿಸಲು ಸಾಧ್ಯವಾಯಿತು. 2016ರಲ್ಲಿ ಈ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂತು.

ಈ ಕಸುಬು ಬೆಂಗಳೂರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಆರ್ಯಭಟ ಉಪಗ್ರಹವನ್ನು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಊರು ಇದು. ನಾವಿಕ್‌ನ ಸಮಯ ಮತ್ತು ಲೆಕ್ಕ ನೋಡಿಕೊಳ್ಳುವ ಕೇಂದ್ರ 2013ರ ಮೇ ತಿಂಗಳಿನಿಂದ ಬ್ಯಾಲಾಳುವಿನಲ್ಲಿದೆ. ವಿಮಾನಗಳಿಗೆ ಜಿಪಿಎಸ್ ತಪ್ಪನ್ನು ತಿದ್ದಿ ಹೇಳುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಕುಂದಲಹಳ್ಳಿಯಲ್ಲಿದೆ. 1991ರಲ್ಲಿ ಇಲ್ಲೇ ಶುರುವಾದ ಅಕಾರ್ಡ್ ಸಾಫ್ಟ್‌ವೇರ್ ಅಂಡ್ ಸಿಸ್ಟಮ್ಸ್ ಸಂಸ್ಥೆ ರಿಸೀವರ್‌ಗಳ ಜೊತೆಗೆ ಸಿಮ್ಯುಲೇಟರ್‌ಗಳನ್ನೂ ಮಾಡುತ್ತದೆ.

ದೊಡ್ಡ ಪ್ರಯೋಗಾಲಯಗಳ ಸಿಮ್ಯುಲೇಟರ್ ಬಹಳ ದುಬಾರಿ. ಗೆಳೆಯನ ಮನೆಯ ಮೇಜಿನ ಮೇಲಿರುವುದು ಅದರ ಬಡ ತಮ್ಮ. ಒಂದು ಲ್ಯಾಪ್‌ಟಾಪು, ಅಂಗೈಯಗಲದ ಒಂದು ರೇಡಿಯೋ ಪೆಟ್ಟಿಗೆ, ಒಂದಿಷ್ಟು ತಂತಿ. ಈ ರೇಡಿಯೋ ಯಾವ ಅಲೆ ಹೊರಡಿಸಬೇಕೆಂಬುದು ಸಾಫ್ಟ್‌ವೇರ್ ಹೇಳಿದಂತೆ. ಅದಕ್ಕೇ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ, ಬಾಯಿಮಾತಿನಲ್ಲಿ ಎಸ್‌ಡಿಆರ್. ಜಪಾನಿನ ತಕುಜಿ ಎಬಿನುಮಾ ಅವರು 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಜಿಪಿಎಸ್-ಎಸ್‌ಡಿಆರ್-ಸಿಮ್ ಎಂಬ ಪ್ರೋಗ್ರಾಂ ಈ ಕಸುಬನ್ನು ವಿದ್ಯಾರ್ಥಿಗಳ ಕೈಗೂ ತಂದಿತು. ಅದಕ್ಕೆ ಆ ದಿನದ ಉಪಗ್ರಹಗಳ ಕಕ್ಷೆಯ ಕಡತ ಕೊಡಬೇಕು, ನಮಗೆ ಬೇಕಾದ ಜಾಗ ಕೊಡಬೇಕು. ಸೆಕೆಂಡಿಗೆ 26 ಲಕ್ಷ ಮಾದರಿಗಳಂತೆ ಅದು ಸಿಗ್ನಲ್ಲನ್ನು ಬರೆದಿಡುತ್ತದೆ. ಐದು ನಿಮಿಷದ ಆಕಾಶಕ್ಕೆ ಸುಮಾರು 3 ಜಿಬಿ.

ಬರೆದಿಟ್ಟದ್ದನ್ನು ನುಡಿಸುವುದು ಸುಲಭ. ಕಷ್ಟ ಇರುವುದು ಆ ಕ್ಷಣದ್ದನ್ನು ಆ ಕ್ಷಣದಲ್ಲೇ ಹುಟ್ಟಿಸುವುದರಲ್ಲಿ. ಡ್ರೋನಿನ ಮಿದುಳನ್ನು ಪರೀಕ್ಷಿಸುತ್ತಿದ್ದೀರಿ ಎನ್ನಿ. ಸಿಗ್ನಲ್ ನೋಡಿ ಅದು ಎಡಕ್ಕೆ ತಿರುಗಲು ನಿರ್ಧರಿಸುತ್ತದೆ, ತಿರುಗಿದ ಮೇಲೆ ಸಿಗ್ನಲ್ಲು ಬೇರೆಯಾಗಬೇಕು. ಅದು ಎತ್ತ ತಿರುಗೀತೆಂದು ಮೊದಲೇ ಬರೆದಿಡಲು ಬರುವುದಿಲ್ಲ. ಹತ್ತಾರು ಉಪಗ್ರಹಗಳ ದೂರ, ವೇಗ, ಸಂಕೇತ ಎಲ್ಲವನ್ನೂ ಲೆಕ್ಕ ಹಾಕಿ ಕೂಡಿಸಿ, ತಡೆಯಿಲ್ಲದೆ ರೇಡಿಯೋಗೆ ಉಣಿಸುತ್ತಲೇ ಇರಬೇಕು. ಕಂಪ್ಯೂಟರ್ ಒಂದು ಮಾದರಿಯಷ್ಟು ಹಿಂದೆ ಬಿದ್ದು ಸಾಲು ತಪ್ಪಿದರೂ 385 ನ್ಯಾನೋಸೆಕೆಂಡ್ ಜಾರಿತು. ದೂರದ ಲೆಕ್ಕದಲ್ಲಿ ಅದು 115 ಮೀಟರ್. ಯುಎಸ್‌ಆರ್‌ಪಿ ಎಂಬ ರೇಡಿಯೋ ಹೀಗೆ ಹಸಿದಾಗಲೆಲ್ಲ ಪರದೆಯ ಮೇಲೆ 'ಯು' ಎಂಬ ಒಂದೇ ಇಂಗ್ಲಿಷ್ ಅಕ್ಷರ ಮೂಡುತ್ತದೆ. ಸಾಲಾಗಿ 'ಯು' ಬಂದರೆ ಆ ರಾತ್ರಿಯ ಕೆಲಸ ವ್ಯರ್ಥ. ಹಿಂದೆ ಇಂಥ ಲೆಕ್ಕಕ್ಕೆ ವಿಶೇಷ ಹಾರ್ಡ್‌ವೇರೇ ಗತಿ. ಈಗ ವಿಡಿಯೋ ಗೇಮ್ ಆಡುವವರು ಕೊಳ್ಳುವ ಗ್ರಾಫಿಕ್ಸ್ ಕಾರ್ಡು ಅದನ್ನು ಹೊರುತ್ತದೆ. ಸೆಕೆಂಡಿಗೆ ಸಾವಿರ ಸಲ ಸ್ಥಾನ ಬದಲಿಸುವ ಸಾಫ್ಟ್‌ವೇರ್ ಸಿಮ್ಯುಲೇಟರ್‌ಗಳು ಇಂಥ ಕಾರ್ಡಿನ ಮೇಲೆಯೇ ಓಡುತ್ತಿವೆ.

ಒಂದು ಶನಿವಾರ ಅವನ ಜೊತೆ ಎಸ್‌.ಪಿ. ರಸ್ತೆಗೆ ಹೋದೆ. ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ದೂರ. ಚಾವಣಿಯವರೆಗೆ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿ ಡಬ್ಬಿಯ ಮೇಲೂ ಸ್ಕೆಚ್ ಪೆನ್ನಿನಲ್ಲಿ ಬರೆದ ನಂಬರು. "ಎಸ್‌ಎಂಎ ಕನೆಕ್ಟರ್ ಕೊಡಿ ಅಣ್ಣ" ಎಂದರೆ ಒಳಗಿನಿಂದ ಒಂದೇ ಪ್ರಶ್ನೆ, "ಮೇಲಾ, ಫೀಮೇಲಾ?" ಅಟೆನ್ಯುಯೇಟರ್ ಎಂಬ ಹೆಬ್ಬೆರಳಿನ ತುದಿಯಷ್ಟು ದಪ್ಪದ ಹಿತ್ತಾಳೆಯ ಗಟ್ಟಿ ತುಂಡುಗಳನ್ನು ಗೆಳೆಯ ಒಂದೊಂದಾಗಿ ತಿರುಗಿಸಿ, ಎಳೆ ಸವೆದಿದೆಯೇ ಎಂದು ಉಗುರಿನಿಂದ ನೋಡಿ ಆರಿಸಿದ. 30 ಡಿಬಿಯವು ಎರಡು. ಸಿಗ್ನಲ್ಲನ್ನು ತಗ್ಗಿಸುವುದಷ್ಟೇ ಅವುಗಳ ಕೆಲಸ. ಒಂದು ಮಿಲಿವಾಟ್ ಹೊರಡಿಸುವ ರೇಡಿಯೋವನ್ನು ಉಪಗ್ರಹದ ಮಟ್ಟಕ್ಕೆ ಇಳಿಸಬೇಕೆಂದರೆ ಹತ್ತು ಲಕ್ಷ ಕೋಟಿ ಪಟ್ಟು ತಗ್ಗಿಸಬೇಕು. ಒಂದಷ್ಟು ಸಾಫ್ಟ್‌ವೇರಿನಲ್ಲಿ, ಉಳಿದದ್ದು ಈ ಹಿತ್ತಾಳೆಯಲ್ಲಿ. ಜೊತೆಗೆ ಡಿಸಿ ಬ್ಲಾಕ್ ಒಂದನ್ನು ಕೊಂಡ. ಆಂಟೆನಾಗೆ ಕರೆಂಟು ಕೊಡಲೆಂದು ರಿಸೀವರ್ ತನ್ನ ತಂತಿಯಲ್ಲಿ ಕೆಲವು ವೋಲ್ಟ್ ಹರಿಸುತ್ತಿರುತ್ತದೆ. ನಡುವೆ ಇದು ಇಲ್ಲದಿದ್ದರೆ ಆ ಕರೆಂಟು ರೇಡಿಯೋ ಒಳಗೇ ನುಗ್ಗುತ್ತದೆ. ಅವನು ಹಾಗೆ ಒಂದನ್ನು ಸುಟ್ಟುಕೊಂಡಿದ್ದಾನೆ.

ತಂತಿಯ ವಿಷಯದಲ್ಲಿ ಮಾತ್ರ ಅವನು ಕಟ್ಟುನಿಟ್ಟು. ಸಿಗ್ನಲ್ ರೇಡಿಯೋದಿಂದ ರಿಸೀವರ್‌ಗೆ ತಂತಿಯಲ್ಲೇ ಹೋಗಬೇಕು, ಆಂಟೆನಾ ಸಿಕ್ಕಿಸುವಂತಿಲ್ಲ. ಗಾಳಿಗೆ ಬಿಟ್ಟರೆ ಅದು ಅಪರಾಧ, ಅದಕ್ಕಿಂತ ಮಿಗಿಲಾಗಿ ಅಪಾಯ. ಅಕ್ಕಪಕ್ಕದವರ ಫೋನು, ಆಂಬುಲೆನ್ಸಿನ ನಕ್ಷೆ ಎಲ್ಲವೂ ಆ ಸುಳ್ಳು ಆಕಾಶವನ್ನೇ ನಂಬಿಬಿಡುತ್ತವೆ. ಅಮೃತಸರ, ಜಮ್ಮು ಭಾಗದ ಗಡಿಯಲ್ಲಿ ವಿಮಾನಗಳ ಜಿಪಿಎಸ್‌ಗೆ ಅಡ್ಡಿಯಾದ, ದಿಕ್ಕು ತಪ್ಪಿಸಿದ ಘಟನೆಗಳ ಬಗ್ಗೆ ಲೋಕಸಭೆಯಲ್ಲೇ ಉತ್ತರ ಬಂದಿದೆ. ವಿದ್ಯೆ ಎರಡರಲ್ಲೂ ಒಂದೇ. ತಕ್ಕಡಿ ಪರೀಕ್ಷಿಸುವ ಬಟ್ಟನ್ನೂ ಗಿರಾಕಿಗೆ ಮೋಸ ಮಾಡುವ ಬಟ್ಟನ್ನೂ ಎರಕ ಹೊಯ್ಯುವುದು ಅದೇ ಕಬ್ಬಿಣದಲ್ಲಿ. ಅಂಥ ಮೋಸಕ್ಕೆ ಬಗ್ಗದ ರಿಸೀವರ್ ಕಟ್ಟಬೇಕಾದರೂ ಮೊದಲು ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡು ಅದಕ್ಕೆ ಮೋಸ ಮಾಡಿ ನೋಡಬೇಕು.

ಹಾರ್ಡ್‌ವೇರಿನಲ್ಲಿ ಅವನು ಹೆಚ್ಚು ಗೌರವ ಕೊಡುವುದು ಒಂದು ಹರಳಿಗೆ, ರೇಡಿಯೋದ ಗಡಿಯಾರದ ಸ್ಫಟಿಕಕ್ಕೆ. ಅಗ್ಗದ ಹರಳು ಹತ್ತು ಲಕ್ಷಕ್ಕೆ ಹತ್ತರಷ್ಟು ತಪ್ಪಿದರೂ ಜಿಪಿಎಸ್ ಸಿಗ್ನಲ್ಲಿನ 1575.42 ಮೆಗಾಹರ್ಟ್ಸ್‌ನಲ್ಲಿ ಅದು 15 ಕಿಲೋಹರ್ಟ್ಸ್ ದಾಟುತ್ತದೆ. ನಿಂತಲ್ಲೇ ನಿಂತ ರಿಸೀವರ್‌ಗೆ ಉಪಗ್ರಹದ ಓಟದಿಂದ ಆಗುವ ವ್ಯತ್ಯಾಸ ಹೆಚ್ಚೆಂದರೆ 5 ಕಿಲೋಹರ್ಟ್ಸ್ ಆಸುಪಾಸು. ಅದು ಹುಡುಕುವುದು ಆ ಆಸುಪಾಸಿನಲ್ಲೇ, ಅಲ್ಲಿ ಸಿಗ್ನಲ್ಲೇ ಇರುವುದಿಲ್ಲ, ರಿಸೀವರ್ ಗಂಟೆಗಟ್ಟಲೆ ಕುರುಡಾಗಿ ಕೂರುತ್ತದೆ. ಸಣ್ಣ ಒಲೆಯೊಳಗೆ ಬೆಚ್ಚಗೆ ಇಟ್ಟ ಒಳ್ಳೆಯ ಹರಳಿನಿಂದ 10 ಮೆಗಾಹರ್ಟ್ಸ್ ತಾಳ ಕೊಟ್ಟರೆ ಅರ್ಧ ನಿಮಿಷದಲ್ಲಿ ಜಾಗ ಹೇಳುತ್ತದೆ. ಮೇಲಿನ ಆಕಾಶದಲ್ಲೂ ಇದೇ ಕತೆ. ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟಿದ್ದರಿಂದ ಉಳಿದೆಲ್ಲ ಚೆನ್ನಾಗಿದ್ದೂ ಅದು ದಾರಿ ತೋರಿಸಲಾರದೆ ಹೋಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಮೊದಲ ಬಾರಿಗೆ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. ಸಾಮಾನ್ಯ ಮೊಬೈಲುಗಳಿಗೂ ದಕ್ಕುವಂತೆ ಎಲ್1 ತರಂಗವೂ ಸೇರಿತು.

ಹೊರಗಿನಿಂದ ಕೊಂಡ ಸಿಮ್ಯುಲೇಟರ್ ನಮಗೆ ಪೂರ್ತಿ ಸಾಲದೆಂಬುದಕ್ಕೆ ಇನ್ನೊಂದು ಕಾರಣವಿದೆ, ನನಗೆ ಇದೇ ಮುಖ್ಯವೆನಿಸುತ್ತದೆ. ಭೂಮಿಯ ಕಾಂತೀಯ ಸಮಭಾಜಕ ನಮ್ಮ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. ಹಾಗಾಗಿ ನಮ್ಮ ಮೇಲಿನ ಅಯಾನುಗೋಳ ಯುರೋಪಿನದಕ್ಕಿಂತ ಬಹಳ ಚಂಚಲ. ಸೂರ್ಯ ಮುಳುಗಿದ ಮೇಲೆ ಸಿಗ್ನಲ್ಲುಗಳು ನಕ್ಷತ್ರದಂತೆ ಮಿನುಗುವುದುಂಟು. ಗಗನ್ ಕಟ್ಟುವಾಗ ಇದಕ್ಕಾಗಿಯೇ ಇಸ್ರೋ ತನ್ನದೇ ಗಣಿತ ಮಾದರಿಯನ್ನು ರೂಪಿಸಬೇಕಾಯಿತು. ನಮ್ಮ ತಕ್ಕಡಿಗೆ ನಮ್ಮ ಬಟ್ಟೇ ಬೇಕು.

ಸಿಮ್ಯುಲೇಟರ್‌ನಲ್ಲಿ ತಾರೀಖನ್ನೂ ಬದಲಿಸಬಹುದು. ಜಿಪಿಎಸ್ ವಾರಗಳನ್ನು 1,023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟಿನಲ್ಲಿ, 2019ರ ಏಪ್ರಿಲ್‌ನಲ್ಲಿ ಹೀಗಾಯಿತು. ಮುಂದಿನದು 2038ರ ನವೆಂಬರಿನಲ್ಲಿ. ಆ ರಾತ್ರಿಯನ್ನು ಗೆಳೆಯ ಈಗಾಗಲೇ ತನ್ನ ಮೇಜಿನ ಮೇಲೆ ಹಲವು ಸಲ ಕಳೆದಿದ್ದಾನೆ.

ಕಳೆದ ವಾರ ಅವನ ಮನೆಗೆ ಹೋದಾಗ ಪರದೆಯ ಮೇಲೆ ಮಾರುಕಟ್ಟೆಯಿತ್ತು. 12.96 ಉತ್ತರ, 77.58 ಪೂರ್ವ. ನಾನು ನಿಂತಿದ್ದ ದಿನದ ಕಕ್ಷೆಯ ಕಡತ, ನಾನು ನಿಂತಿದ್ದ ಹೊತ್ತು. ಸೇತುವೆ ಮರೆಮಾಡುವ ಉಪಗ್ರಹಗಳ ಶಕ್ತಿ ಇಳಿಸಿದ್ದ. ಒಂದಕ್ಕೆ ನೇರ ದಾರಿ ಮುಚ್ಚಿ, ಕಾಂಕ್ರೀಟಿಗೆ ಬಡಿದು 40 ಮೀಟರ್ ತಡವಾಗಿ ಬರುವ ದಾರಿ ಕೊಟ್ಟಿದ್ದ. ರಿಸೀವರ್ ತಂತಿಯ ತುದಿಯಲ್ಲಿ ಕೂತಿತ್ತು. ಮೊದಲ ಓಟದಲ್ಲಿ 41ನೇ ಸೆಕೆಂಡಿಗೆ ಚುಕ್ಕಿ ಕಂಬದ ಬಳಿಯಿಂದ ಕೋಟೆಯ ಕಡೆ ಹಾರಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಓಡಿಸಿದ. 41ನೇ ಸೆಕೆಂಡು, ಕೋಟೆ. ಮೂರನೇ ಸಲ ಅವನ ತಾಯಿ ಕಾಫಿ ತಂದಿಟ್ಟು, ಏನು ಇಷ್ಟು ನಗ್ತಿದೀಯ ಎಂದು ಕೇಳಿದರು.

"ಮತ್ತೆ ಅಲ್ಲೇ ತಪ್ತು ಅಮ್ಮ" ಎಂದು ಅವನು ಕುರ್ಚಿ ಮುಂದಕ್ಕೆಳೆದುಕೊಂಡ.