ಮಾನವ ಕೋಶಗಳಲ್ಲಿ ಟೆಲೊಮಿಯರ್ ರಚನೆ: ಟೆಲೊಮರೇಸ್ ಕಿಣ್ವದ ಪಾತ್ರ

ಮಾನವನ ಸಾಮಾನ್ಯ ದೇಹಕೋಶದಲ್ಲಿ 46 ವರ್ಣತಂತುಗಳಿದ್ದು, ಅವುಗಳ 92 ತುದಿಗಳಲ್ಲಿಯೂ ಟಿಟಿಎಜಿಜಿಜಿ ಎಂಬ ಆರು ಪ್ರತ್ಯಾಮ್ಲಗಳ ಅನುಕ್ರಮವು ಮತ್ತೆ ಮತ್ತೆ ಪುನರಾವರ್ತನೆಗೊಂಡಿರುತ್ತದೆ. ಈ ಅಂತ್ಯಭಾಗವೇ ಟೆಲೊಮಿಯರ್. ಷೆಲ್ಟರಿನ್ ಎಂಬ ಆರು ಪ್ರೋಟೀನುಗಳ ಸಂಕೀರ್ಣವು ಇದನ್ನು ಆವರಿಸಿ, ವರ್ಣತಂತುವಿನ ಸಹಜ ತುದಿಯನ್ನು ಕೋಶವು ತುಂಡಾದ ಡಿಎನ್‌ಎ ಎಂದು ಪರಿಗಣಿಸದಂತೆ ಕಾಯುತ್ತದೆ.

ಡಿಎನ್‌ಎ ಪಾಲಿಮರೇಸ್ ಕಿಣ್ವವು ಎಳೆಯ ಕಟ್ಟಕಡೆಯ ಭಾಗವನ್ನು ಪೂರ್ಣವಾಗಿ ಪ್ರತಿ ಮಾಡಲಾರದು. ಇದರಿಂದಾಗಿ ಪ್ರತಿಯೊಂದು ವಿಭಜನೆಯಲ್ಲಿಯೂ ಸುಮಾರು 50ರಿಂದ 100 ಪ್ರತ್ಯಾಮ್ಲ ಜೋಡಿಗಳು ನಷ್ಟವಾಗುತ್ತವೆ. ಟೆಲೊಮಿಯರ್ ಅತಿಯಾಗಿ ಕುಗ್ಗಿದಾಗ ಕೋಶವು ವಿಭಜನೆಯನ್ನು ನಿಲ್ಲಿಸುತ್ತದೆ. ಮಾನವ ಕೋಶಗಳ ವಿಭಜನೆಗೆ ಮಿತಿಯಿದೆಯೆಂಬುದನ್ನು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿಯೇ ತೋರಿಸಿದ್ದರು.

ಈ ನಷ್ಟವನ್ನು ತುಂಬಿಕೊಡುವ ಕಿಣ್ವವೇ ಟೆಲೊಮರೇಸ್. ಕೆರೋಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಇದನ್ನು 1984ರಲ್ಲಿ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ಗುರುತಿಸಿದರು. 1989ರಲ್ಲಿ ಇದು ಮಾನವ ಕೋಶಗಳಲ್ಲಿಯೂ ಕಂಡುಬಂದಿತು. ಇದರ ಮುಖ್ಯ ಘಟಕಗಳು ಎರಡು: ಟರ್ಟ್ ಎಂಬ ಪ್ರೋಟೀನು ಮತ್ತು 451 ನ್ಯೂಕ್ಲಿಯೊಟೈಡುಗಳ ಒಂದು ಆರ್‌ಎನ್‌ಎ. ಆ ಆರ್‌ಎನ್‌ಎಯಲ್ಲಿನ 11 ನ್ಯೂಕ್ಲಿಯೊಟೈಡುಗಳ ಭಾಗವು ಅಚ್ಚಿನಂತೆ ವರ್ತಿಸುತ್ತದೆ. ಟೆಲೊಮಿಯರಿನ ಗ್ವಾನೀನ್‌ಭರಿತ ಎಳೆಯ ತುದಿಯು ಈ ಅಚ್ಚಿಗೆ ಹೊಂದಿಕೊಂಡಾಗ ಟರ್ಟ್ ಪ್ರತ್ಯಾಮ್ಲಗಳನ್ನು ಜೋಡಿಸುತ್ತದೆ. ಅನಂತರ ಕಿಣ್ವವು ಮುಂದೆ ಸರಿದು ಅದೇ ಅಚ್ಚನ್ನು ಮತ್ತೊಮ್ಮೆ ಬಳಸುತ್ತದೆ. ಎದುರಿನ ಎಳೆಯನ್ನು ಪಾಲಿಮರೇಸ್ ಪೂರ್ಣಗೊಳಿಸುತ್ತದೆ.

ಭ್ರೂಣದ ಕೋಶಗಳು, ಜನನಕೋಶಗಳು ಮತ್ತು ಕೆಲವು ಆಕರಕೋಶಗಳಲ್ಲಿ ಸಕ್ರಿಯವಾಗಿರುವ ಈ ಕಿಣ್ವವು ಬಹುಪಾಲು ದೇಹಕೋಶಗಳಲ್ಲಿ ಅಡಗಿರುತ್ತದೆ. ಕೊರತೆಯಾದರೆ ಡಿಸ್ಕೆರಟೋಸಿಸ್ ಕಂಜೆನಿಟಾದಂತಹ ಆನುವಂಶಿಕ ರೋಗಗಳಲ್ಲಿ ಅಸ್ಥಿಮಜ್ಜೆ ಸೊರಗುತ್ತದೆ. ಅಕಾಲದಲ್ಲಿ ಜಾಗೃತವಾದರೆ ಕ್ಯಾನ್ಸರ್ ಕೋಶಕ್ಕೆ ಅಮಿತ ವಿಭಜನೆಯ ಅವಕಾಶ ದೊರೆಯುತ್ತದೆ. ಶೇಕಡ 85ರಿಂದ 90ರಷ್ಟು ಕ್ಯಾನ್ಸರುಗಳಲ್ಲಿ ಟೆಲೊಮರೇಸ್ ಸಕ್ರಿಯವಾಗಿರುತ್ತದೆ.

ಈ ಸಮಸ್ಯೆಗೆ ಸಂಬಂಧಿಸಿದ ಗಮನಾರ್ಹ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಗ್ವಾನೀನ್‌ಭರಿತ ಎಳೆಯು ತನ್ನಷ್ಟಕ್ಕೆ ಮಡಿಚಿಕೊಂಡು ಜಿ-ಕ್ವಾಡ್ರುಪ್ಲೆಕ್ಸ್ ಎಂಬ ಚತುರೆಳೆ ರಚನೆಯನ್ನು ತಾಳಬಲ್ಲದು. ಮಡಿಚಿದ ತುದಿಯು ಟೆಲೊಮರೇಸಿನ ಅಚ್ಚಿಗೆ ಸುಲಭವಾಗಿ ಹೊಂದುವುದಿಲ್ಲ. ಶಂತನು ಭಟ್ಟಾಚಾರ್ಯ ಮತ್ತು ಕೆ. ಮುನಿಯಪ್ಪ ಅವರ ತಂಡಗಳು ಈ ಮಡಿಕೆಯನ್ನು ಭದ್ರಪಡಿಸುವ ಬೆಂಜಿಮಿಡಜೋಲ್ ಆಧಾರಿತ ಅಣುಗಳನ್ನು ಸಂಶ್ಲೇಷಿಸಿ, ಅವುಗಳ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದವು. ಕಿಣ್ವವನ್ನು ನೇರವಾಗಿ ತಡೆಯದೆ, ಅದು ಕಾರ್ಯನಿರ್ವಹಿಸುವ ತುದಿಯನ್ನೇ ಅದಕ್ಕೆ ದೊರಕದಂತೆ ಮಾಡುವುದು ಈ ಮಾರ್ಗದ ವೈಶಿಷ್ಟ್ಯ.

ಆದರೆ ಪ್ರಯೋಗಶಾಲೆಯ ಫಲಿತಾಂಶವು ಚಿಕಿತ್ಸೆಯಾಗುವ ಹಾದಿ ದೀರ್ಘವಾದುದು. ಆರ್‌ಎನ್‌ಎ ಅಚ್ಚಿಗೆ ಅಂಟಿಕೊಂಡು ಕಿಣ್ವವನ್ನು ತಡೆಯುವ ಇಮೆಟೆಲ್‌ಸ್ಟಾಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2024ರಲ್ಲಿ, ಅದೂ ಅಸ್ಥಿಮಜ್ಜೆಯ ಒಂದು ರೋಗಕ್ಕೆ. ರಕ್ತಕಣಗಳ ಇಳಿಕೆ ಅದರ ಮುಖ್ಯ ಅಡ್ಡಪರಿಣಾಮ. ಟೆಲೊಮರೇಸನ್ನು ಆಯುಷ್ಯವರ್ಧಕವೆಂದಾಗಲೀ ಕ್ಯಾನ್ಸರಿನ ಮೂಲವೆಂದಾಗಲೀ ಕರೆಯುವುದು ಅಪೂರ್ಣ. ಅದು ಯಾವ ಕೋಶದಲ್ಲಿ, ಯಾವ ಕಾಲದಲ್ಲಿ, ಎಷ್ಟು ಪ್ರಮಾಣದಲ್ಲಿ ಕಾರ್ಯನಿರತವಾಗಿದೆ ಎಂಬುದೇ ನಿರ್ಣಾಯಕ.