ದೂಳೇ ದನಿಯಾದಾಗ

ಕೋಲ್ಕತ್ತದ ಕಾಳಿಘಾಟ್ ದೇಗುಲದಲ್ಲಿ ಬಾರಿಸಿದ ಗಂಟೆಯ ದನಿ ಧೂಪದ ಹೊಗೆ, ಬಸ್ಸುಗಳ ಡೀಸೆಲ್ ಮಸಿ, ರಸ್ತೆಯ ದೂಳು ಎಲ್ಲವನ್ನೂ ಹಾದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಕಿವಿ ಮುಟ್ಟುತ್ತದೆ. ಊರಿನ ಗಾಳಿ ಎಷ್ಟೇ ಕೊಳೆಯಾಗಿದ್ದರೂ ಈ ವೇಗ ಕದಲುವುದಿಲ್ಲ. ಲೆಕ್ಕ ಹಾಕಿ ನೋಡಿ: ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಚಳಿಗಾಲದ ಒಂದು ಕೆಟ್ಟ ದಿನ ಅದರಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳು 100 ಮೈಕ್ರೋಗ್ರಾಂ ಇವೆಯೆನ್ನೋಣ. ನಮ್ಮ ದೇಶದ ದಿನದ ಮಿತಿ 60. ಶ್ವಾಸಕೋಶಕ್ಕೆ ಇದು ಅತಿಯಾಯಿತು. ತೂಕದಲ್ಲಿ ಮಾತ್ರ ಗಾಳಿಯ ಕೋಟಿಯಲ್ಲೊಂದು ಪಾಲೂ ಆಗದು. ಶಬ್ದದ ಅಲೆಯ ಮೇಲೆ ದೂಳು ಬರೀ ಸವಾರ.

ದೂಳು ಪ್ಲಾಸ್ಮಾದೊಳಗೆ ಬಿದ್ದರೆ ಕಥೆಯೇ ಬೇರೆ. ಪರಮಾಣುಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಓಡಾಡುವ ಅನಿಲವೇ ಪ್ಲಾಸ್ಮಾ. ಉರಿಯುವ ಟ್ಯೂಬ್‌ಲೈಟಿನೊಳಗೆ ಇರುವುದು ಅದೇ. ಯಾವ ಶಾಖಕ್ಕೆ ಎಷ್ಟು ಪರಮಾಣುಗಳು ಹೀಗೆ ಒಡೆಯುತ್ತವೆ ಎಂಬ ಸಮೀಕರಣ ಕೊಟ್ಟವರು ಇದೇ ಕೋಲ್ಕತ್ತದ ಮೇಘನಾದ ಸಹಾ, 1920ರಲ್ಲಿ.

ಶಬ್ದಕ್ಕೆ ಬೇಕಾದದ್ದು ಎರಡೇ: ಮರಳಿ ತಳ್ಳುವ ಒತ್ತಡ, ತಳ್ಳಿದರೂ ಬೇಗ ಅಲುಗದ ಭಾರ. ಗಾಳಿಯಲ್ಲಿ ಎರಡನ್ನೂ ಒದಗಿಸುವುದು ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಣುಗಳು. ವಿರಳ ಪ್ಲಾಸ್ಮಾದಲ್ಲಿ ಡಿಕ್ಕಿಯ ಕೆಲಸವನ್ನು ವಿದ್ಯುತ್ ಸೆಳೆತ ಮಾಡುತ್ತದೆ. ಅಲ್ಲಿಗೆ ಬಿದ್ದ ದೂಳಿನ ಕಣ, ಚುರುಕಾಗಿ ಓಡುವ ಎಲೆಕ್ಟ್ರಾನುಗಳನ್ನು ಸಾವಿರಗಟ್ಟಲೆ ಹಿಡಿದುಕೊಂಡು ಋಣ ವಿದ್ಯುತ್ ತುಂಬಿಕೊಳ್ಳುತ್ತದೆ. ಆಮೇಲೆ ಒತ್ತಡ ಎಲೆಕ್ಟ್ರಾನುಗಳದ್ದು ಮತ್ತು ಅವನ್ನು ಕಳೆದುಕೊಂಡ ಪರಮಾಣುಗಳಾದ ಅಯಾನುಗಳದ್ದು, ಭಾರ ದೂಳಿನದು.

ಹೀಗೊಂದು ಅಲೆ ಸಾಧ್ಯವೆಂದು ಎನ್. ಎನ್. ರಾವ್, ಪಿ. ಕೆ. ಶುಕ್ಲಾ, ಎಂ. ವೈ. ಯು 1990ರಲ್ಲಿ ಕಾಗದದ ಮೇಲೆ ತೋರಿಸಿದರು. 1995ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಾರ್ಕನ್, ಮರ್ಲಿನೋ, ಡಿ ಆಂಜೆಲೊ ಪಿಂಗಾಣಿಗೆ ಬಳಸುವ ಬಿಳಿ ಜೇಡಿಯ ಪುಡಿಯನ್ನು ಪ್ಲಾಸ್ಮಾಕ್ಕೆ ಉದುರಿಸಿ ಅದನ್ನು ಕಣ್ಣಾರೆ ಕಂಡರು. ಕಂಡರು ಎಂಬುದು ಅಕ್ಷರಶಃ ನಿಜ! ಅಲೆಯಿಂದ ಅಲೆಗೆ ಸುಮಾರು 6 ಮಿಲಿಮೀಟರ್, ವೇಗ ಸೆಕೆಂಡಿಗೆ 9 ಸೆಂಟಿಮೀಟರ್. ಸಾಮಾನ್ಯ ವಿಡಿಯೋ ಕ್ಯಾಮೆರಾ ಸಾಕಾಯಿತು. ಸೆಕೆಂಡಿಗೆ 15 ಕಂಪನ ಮಾತ್ರವಾದ್ದರಿಂದ ಕಿವಿಗೆ ಅದು ದಕ್ಕದು. ಕಣ್ಣಿಗಷ್ಟೇ ಸಿಗುವ ಶಬ್ದ. ಭೌತವಿಜ್ಞಾನದಲ್ಲಿ ಇಷ್ಟು ಅಗ್ಗದಲ್ಲಿ ಇಂಥ ಬೆರಗು ಅಪರೂಪ.

ಕಾಳಿಘಾಟ್‌ನ ದೂಳಿಗೆ ಈ ಭಾಗ್ಯವಿಲ್ಲ. ಬೀದಿಯ ಸೂಕ್ಷ್ಮ ಕಣದ ಮೇಲೆ ಸಾಮಾನ್ಯವಾಗಿ ಇರುವುದು ಬೆರಳೆಣಿಕೆಯ ಎಲೆಕ್ಟ್ರಾನುಗಳ ವಿದ್ಯುತ್ತು. ಸುತ್ತಲ ದಟ್ಟ ಗಾಳಿಯ ಅಣುಗಳು ಬೇರೆ ಅದನ್ನು ಸುಮ್ಮನಿರಗೊಡವು. ಆದರೂ ಅದರ ಬಾಯಿ ಬಿಡಿಸುವ ಉಪಾಯವೊಂದಿದೆ, ಬೇರು ಗ್ರಹಾಂ ಬೆಲ್ 1880ರಲ್ಲಿ ಕಂಡ ವಿದ್ಯಮಾನದಲ್ಲಿ. ಗಾಳಿಯನ್ನು ಸಣ್ಣ ಕೊಳವೆಯೊಳಗೆ ಸೆಳೆದು, ಸೆಕೆಂಡಿಗೆ ನೂರಾರು, ಸಾವಿರಾರು ಸಲ ಮಿನುಗುವ ಲೇಸರ್ ಬಿಡುತ್ತಾರೆ. ಕಪ್ಪು ಮಸಿ ಬೆಳಕು ಹೀರಿ ಬಿಸಿಯಾಗುತ್ತದೆ, ಪಕ್ಕದ ಗಾಳಿ ಹಿಗ್ಗಿ ಕುಗ್ಗುತ್ತದೆ, ಮೈಕ್ರೊಫೋನಿಗೆ ದನಿ ಕೇಳುತ್ತದೆ. ಮಸಿ ಹೆಚ್ಚಿದಷ್ಟೂ ದನಿ ಜೋರು. ವಾಹನಗಳ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಕೂಡ ಬೆಳಕು ಹೀರಿ ದನಿಗೂಡಿಸುವುದರಿಂದ, ಅದೇ ಗಾಳಿಯನ್ನು ಸೋಸಿ ಇನ್ನೊಮ್ಮೆ ಅಳೆದು ಆ ಪಾಲನ್ನು ಕಳೆಯುತ್ತಾರೆ.